ಗಾಡಿಯ ಹಣೆಯ ಮೇಲಿನ ಹೆಸರು

ನಮ್ಮ ಡೊಂಬಿವಲಿಯ ಮನೆಯಲ್ಲಿ ಅಡುಗೆಮನೆಗೂ ಗ್ಯಾರೇಜಿಗೂ ನಡುವೆ ಒಂದು ಬಾಗಿಲಿತ್ತು. ಅದು ಎಂದೂ ಪೂರ್ತಿ ಮುಚ್ಚುತ್ತಿರಲಿಲ್ಲ. ಗ್ಯಾರೇಜು ಎಂದರೆ ದೊಡ್ಡ ಕಲ್ಪನೆಯೇನೂ ಬೇಡ. ಚಾಳಿನ ಕೊನೆಯ ಖೋಲಿ ನಮ್ಮದು. ಅದಕ್ಕೂ ಕಂಪೌಂಡ್ ಗೋಡೆಗೂ ನಡುವೆ ಉಳಿದ ಜಾಗಕ್ಕೆ ಪಪ್ಪ ತಗಡು ಹೊದಿಸಿದ್ದರು, ಅಷ್ಟೇ. ಒಳಗೆ ನಮ್ಮ ಪಿಕಪ್ ಗಾಡಿ ನಿಂತರೆ ಮನುಷ್ಯರು ಅಡ್ಡಡ್ಡ ನಡೆಯಬೇಕು. ಅಮ್ಮ ಒಗ್ಗರಣೆ ಹಾಕಿದರೆ ಗಾಡಿಯ ಕೆಳಗೆ ಮಲಗಿದ ಪಪ್ಪ ಸೀನುತ್ತಿದ್ದರು. ಪಪ್ಪ ಡೀಸೆಲ್ ಚೆಲ್ಲಿದರೆ ನಮ್ಮ ಕುಚ್ಚಲಕ್ಕಿ ಗಂಜಿಗೂ ಅದೇ ವಾಸನೆ. ನಾನು ಬೆಳೆದದ್ದು ಈ ಎರಡು ವಾಸನೆಗಳ ನಡುವೆ. ಬೇರೆಯವರ ಮನೆಗೆ ಹೋದಾಗ ಅಲ್ಲಿನ ಅಡುಗೆಮನೆಯಿಂದ ಬರೀ ಅಡುಗೆಯ ವಾಸನೆ ಬಂದರೆ ಏನೋ ಕಡಿಮೆಯಾಯಿತು ಅನ್ನಿಸುತ್ತಿತ್ತು.

ಆ ಗಾಡಿ ಕಲ್ಯಾಣದ ಮಾರ್ಕೆಟ್ಟಿನಿಂದ ಬಾಳೆಎಲೆ, ತೆಂಗಿನಕಾಯಿ, ತರಕಾರಿ ತುಂಬಿಕೊಂಡು ನಮ್ಮ ಊರ ಕಡೆಯವರ ಹೋಟೆಲುಗಳಿಗೆಲ್ಲ ಹಾಕಿ ಬರುತ್ತಿತ್ತು. ನಾನು ಐದನೇ ಕ್ಲಾಸಿನಲ್ಲಿದ್ದಾಗ ಅದರ ಇಂಜಿನ್ ಕೂತುಬಿಟ್ಟಿತು. ಪಪ್ಪ ಬೇರೊಬ್ಬರ ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂರಲು ಹೋದರು. ಗಾಡಿ ಓಡಿಸುತ್ತಿದ್ದಾಗ ಮನೆಗೆ ಬರುತ್ತಲೇ ನಾಲ್ಕು ಹೋಟೆಲಿನ ಸುದ್ದಿ ಹೇಳಿ ನಗಿಸುತ್ತಿದ್ದ ಮನುಷ್ಯ, ಗಲ್ಲಾಕ್ಕೆ ಹೋದಮೇಲೆ ಊಟಕ್ಕೆ ಕೂತರೆ ತಟ್ಟೆಯನ್ನೇ ನೋಡುತ್ತಿದ್ದರು. ಎರಡು ವರ್ಷ ಹಾಗೇ ಕಳೆಯಿತು. ಏಳನೇ ಕ್ಲಾಸಿನ ಮಳೆಗಾಲ ಮುಗಿದದ್ದೇ ತಡ, ಒಂದು ದಿನ ಉಲ್ಹಾಸನಗರದಿಂದ ಕೈಗಾಡಿಯ ಮೇಲೆ ಒಂದು ಹಳೇ ಇಂಜಿನ್ ಬಂತು. ಪಪ್ಪ ಅದರ ಹಿಂದೆ ನಡೆದುಕೊಂಡು ಬರುತ್ತಿದ್ದರು. ಅವರ ಮುಖ ನೋಡಿದವರು ದಿಬ್ಬಣ ಬಂತು ಎಂದುಕೊಳ್ಳಬೇಕು!

ಅವರಿಗೆ ರಜೆ ಮಂಗಳವಾರ. ನನ್ನದು ಮಧ್ಯಾಹ್ನದ ಶಾಲೆ. ಹಾಗಾಗಿ ಮಂಗಳವಾರದ ಬೆಳಿಗ್ಗೆಗಳು ಗಾಡಿಯವು. ಕೊಳೆತ ತಳದ ತಗಡು ಕತ್ತರಿಸಿ ತೆಗೆದೆವು. ಹಳೇ ಬಣ್ಣವನ್ನು ಉಪ್ಪು ಕಾಗದ ಹಿಡಿದು ತಿಕ್ಕಿದೆವು, ತಿಕ್ಕಿದೆವು, ನನ್ನ ಬೆರಳ ತುದಿಗಳು ನುಣ್ಣಗಾಗುವವರೆಗೆ ತಿಕ್ಕಿದೆವು. ಒಂದು ಸಲ ಪಪ್ಪ ಇಂಜಿನ್ನಿನ ಬಿಡಿಭಾಗಗಳನ್ನು ಸೀಮೆಎಣ್ಣೆಯಲ್ಲಿ ನೆನೆಹಾಕಲು ಪಾತ್ರೆ ಹುಡುಕಿದರು. ಕೈಗೆ ಸಿಕ್ಕಿದ್ದು ಅಮ್ಮ ಇಡ್ಲಿ ಬೇಯಿಸುವ ಅಟ್ಟ. ಅವತ್ತು ಅಮ್ಮನ ಕೂಗಾಟವನ್ನು ಚಾಳಿನ ಎರಡೂ ಮಾಳಿಗೆಯವರು ಗ್ಯಾಲರಿಗೆ ಬಂದು ನಿಂತು ಕೇಳಿದರು. ಮನೆಯಲ್ಲಿ ನಾವು ಆಡುತ್ತಿದ್ದುದು ತುಳು, ನಡುನಡುವೆ ಮರಾಠಿ. ಇಲ್ಲಿ ಅದನ್ನು ಕನ್ನಡದಲ್ಲಿ ಇಟ್ಟಿದ್ದೇನೆ.

"ನಿಮಗೆ ತಲೆ ಸಮ ಉಂಟಾ? ನಾಳೆಯಿಂದ ಇಡ್ಲಿ ಬೇಡ್ವಾ ನಿಮಗೆ? ಆ ಗಾಡಿಯನ್ನೇ ಬೇಯಿಸಿ ತಿನ್ನಿ!"

"ಸೋಪು ಹಾಕಿ ತೊಳೆದ್ರೆ ಹೋಗ್ತದೆ ಶೋಭಾ."

"ನಾನು ಹೋಗ್ತೇನೆ, ನನ್ನ ತವರಿಗೆ! ಅದು ಹೋಗುವುದಿಲ್ಲ!"

ತವರು ಅಂದರೆ ಕಲ್ಯಾಣ, ರೈಲಿನಲ್ಲಿ ಕಾಲು ಗಂಟೆ. ಈ ಬೆದರಿಕೆಗೆ ಯಾರೂ ಹೆದರುತ್ತಿರಲಿಲ್ಲ. ಅಮ್ಮ ಹುಟ್ಟಿದ್ದೂ ಅಲ್ಲೇ, ಓದಿದ್ದೂ ಅಲ್ಲಿನ ಮರಾಠಿ ಶಾಲೆಯಲ್ಲೇ. ತುಳು ಮಾತು ಬರುತ್ತದೆ, ಕನ್ನಡ ಮಾತು ಬರುತ್ತದೆ, ಕನ್ನಡ ಅಕ್ಷರ ಮಾತ್ರ ಒಂದೂ ಬಾರದು. ಮನೆಯಲ್ಲಿ ಕನ್ನಡ ಓದಬಲ್ಲವರು ಊರಿನಿಂದ ಬಂದ ಪಪ್ಪ ಒಬ್ಬರೇ. ಗಾಡಿಯ ಮುಂದಿನ ಗಾಜಿಗಿಂತ ಮೇಲಿನ ತಗಡಿನಲ್ಲಿ, ಸರಿಯಾಗಿ ಹಣೆಯ ಜಾಗದಲ್ಲಿ, ಕೆಂಪು ಬಣ್ಣದ ಮೂರು ಕನ್ನಡ ಅಕ್ಷರಗಳಿದ್ದವು. ಮದುವೆಯಾಗಿ ಬಂದ ಹೊಸದರಲ್ಲೇ ಅಮ್ಮ ಕೇಳಿದ್ದರಂತೆ, ಏನು ಬರೆದಿದೆ ಎಂದು. ದುರ್ಗೆಯ ಹೆಸರು ಎಂದಿದ್ದರಂತೆ ಪಪ್ಪ. ಅಂದಿನಿಂದ ಪ್ರತಿ ಮಂಗಳವಾರ ಅಮ್ಮ ಮಿಂದು ಸ್ಟೂಲ್ ಹತ್ತಿ ಆ ಮೂರು ಅಕ್ಷರಗಳಿಗೆ ಅರಿಶಿನ ಕುಂಕುಮ ಹಚ್ಚಿ, ಊದುಬತ್ತಿ ಬೆಳಗಿ, ಮಲ್ಲಿಗೆ ಸಿಕ್ಕಿಸುತ್ತಿದ್ದರು. ಗಾಡಿ ಕೆಟ್ಟು ನಿಂತ ಎರಡು ವರ್ಷವೂ ಪೂಜೆ ತಪ್ಪಲಿಲ್ಲ. ಪರೀಕ್ಷೆಯ ದಿನ ನಾನೂ ಅದಕ್ಕೆ ಅಡ್ಡಬಿದ್ದು ಹೋಗುತ್ತಿದ್ದೆ. ಆಯುಧಪೂಜೆಗೆ ಪಪ್ಪ ತಾವೇ ಸಣ್ಣ ಕುಂಚ ಹಿಡಿದು ಆ ಅಕ್ಷರಗಳ ಮೇಲೆ ಹೊಸ ಕೆಂಪು ತಿದ್ದುತ್ತಿದ್ದರು, ಉಸಿರು ಬಿಗಿಹಿಡಿದು. ಹೋಟೆಲಿನವರೆಲ್ಲ ಅದನ್ನು ಓದಿಯೇ ಇರುತ್ತಾರೆ. ಗಾಡಿಯ ಮೇಲೆ ಹೆಂಡತಿ ಮಕ್ಕಳ ಹೆಸರು ಬರೆಸುವುದು ಇದ್ದದ್ದೇ, ಹಾಗೆ ತಿಳಿದು ಸುಮ್ಮನಿದ್ದಿರಬೇಕು. ಯಾರೂ ಏನೂ ಕೇಳಲಿಲ್ಲ, ನಮಗೆ ಏನೂ ಗೊತ್ತಾಗಲಿಲ್ಲ.

ಈಗ ಪಪ್ಪನ ಬುದ್ಧಿ ನೋಡಿ. ಆ ವರ್ಷವೇ ಅವರಿಗೆ ನನ್ನನ್ನು ಕನ್ನಡ ಕ್ಲಾಸಿಗೆ ಕಳಿಸುವ ಹುಕ್ಕಿ ಬಂತು. ಸ್ಟೇಷನ್ ಹತ್ತಿರ ಶನಿವಾರ ಸಂಜೆ ಒಬ್ಬರು ಟೀಚರ್ ನಮ್ಮಂಥ ಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದರು. "ನಮ್ಮ ಅಕ್ಷರ ನಮ್ಮ ಹುಡುಗಿಗೆ ಬರದಿದ್ದರೆ ಹೇಗೆ?" ಎಂದು ಪಪ್ಪನೇ ಕೈಹಿಡಿದು ಕರೆದುಕೊಂಡು ಹೋಗಿ ಸೇರಿಸಿದರು. ಅವರೇ! ನನಗೆ ಇವತ್ತಿಗೂ ಅರ್ಥವಾಗದ್ದು ಇದು. ಮರೆತಿದ್ದರೋ, ಸಿಕ್ಕಿಬೀಳಲೆಂದೇ ಕಳಿಸಿದರೋ, ಕೇಳುವ ಧೈರ್ಯ ನನಗೆ ಬರಲೇ ಇಲ್ಲ. ಟೀಚರ್ ಮೊದಲು ಒತ್ತಿಲ್ಲದ, ಗುಣಿತವಿಲ್ಲದ ಪದಗಳನ್ನು ಓದಿಸುತ್ತಿದ್ದರು. ಅರಸ, ಕಮಲ, ಗರಗಸ. ಎರಡು ತಿಂಗಳಲ್ಲಿ ನನಗೆ ಕನ್ನಡದ ಹುಚ್ಚು ಹಿಡಿಯಿತು. ಹೋಟೆಲಿನ ಬೋರ್ಡು, ಉಪ್ಪಿನಕಾಯಿ ಡಬ್ಬಿ, ಪಂಚಾಂಗ, ಕಂಡದ್ದನ್ನೆಲ್ಲ ಓದುವುದು.

ಆ ಮಂಗಳವಾರ ಗಾಡಿಯ ಮೈಯೆಲ್ಲ ಬೋಳಾಗಿ, ಬಣ್ಣಕ್ಕೆ ಮೊದಲು ಬಳಿಯುವ ಬೂದು ಪುಟ್ಟಿ ಮೆತ್ತಿಕೊಂಡು ನಿಂತಿತ್ತು. ಹಣೆಯ ಮೇಲಿನ ಆ ಮೂರು ಅಕ್ಷರಗಳ ಸುತ್ತ ಮಾತ್ರ ಪಪ್ಪ ಉಪ್ಪು ಕಾಗದ ತಾಗಿಸಿರಲಿಲ್ಲ. ಅಮ್ಮ ಸ್ಟೂಲ್ ಹತ್ತಿದರು. ನಾನು ಕೆಳಗೆ ಕುಂಕುಮದ ಬಟ್ಟಲು ಹಿಡಿದು ತಲೆ ಎತ್ತಿದೆ. ಹುಟ್ಟಿದಾಗಿನಿಂದ ಚಿತ್ರದ ಹಾಗೆ ನೋಡಿದ್ದು ಒಮ್ಮೆಲೇ ಅಕ್ಷರವಾಯಿತು. ಮೊದಲನೆಯದೂ ಕೊನೆಯದೂ ಒಂದೇ. ಒತ್ತಿಲ್ಲ, ಕೊಂಬಿಲ್ಲ.

"ಜ... ಲ... ಜ. ಜಲಜ! ಅಮ್ಮ, ಇದು ದುರ್ಗೆ ಅಲ್ಲ, ಜಲಜ!"

ಗಾಡಿಯ ಆ ಬದಿಯಲ್ಲಿ ತಿಕ್ಕುವ ಸದ್ದು ನಿಂತಿತು. ಅಮ್ಮ ಕುಂಕುಮದ ಬೆರಳನ್ನು ಗಾಳಿಯಲ್ಲೇ ಹಿಡಿದುಕೊಂಡು, ಪಾಪ, ಬಹಳ ಭಕ್ತಿಯಿಂದಲೇ ಕೇಳಿದರು.

"ಜಲಜ ಅಂದ್ರೆ ಯಾವ ದೇವಿ ಅದು?"

ಪಪ್ಪ ಏನಾದರೂ ಒಂದು ಹೇಳಿಬಿಡಬಹುದಿತ್ತು. ಲಕ್ಷ್ಮಿಯ ಇನ್ನೊಂದು ಹೆಸರು ಎಂದಿದ್ದರೆ ನಾವಿಬ್ಬರೂ ನಂಬುತ್ತಿದ್ದೆವು. ಅವರು ಎದ್ದು ನಿಂತರು, ಅಷ್ಟೇ. ಮುಖಕ್ಕೆಲ್ಲ ಪುಟ್ಟಿಯ ಧೂಳು ಹಿಡಿದಿತ್ತು, ಕಣ್ಣು ಮಾತ್ರ ಕಾಣುತ್ತಿತ್ತು. ಆ ಕಣ್ಣು ನೋಡಿ ಅಮ್ಮನಿಗೆ ಹೊಳೆಯಿತು, ಅದು ದೇವಿಯಲ್ಲ, ಹೆಂಗಸು ಎಂದು.

"ಅಗಂ ಬಾಯಿ!" ಎಂದರು ಅಮ್ಮ. ತೀರಾ ಆಘಾತವಾದರೆ ಅವರ ಬಾಯಿಗೆ ಮರಾಠಿಯೇ ಬರುವುದು. "ಹದಿನಾಲ್ಕು ವರ್ಷ ನನ್ನ ಕೈಯಲ್ಲಿ ಯಾರಿಗೆ ಪೂಜೆ ಮಾಡಿಸಿದ್ದು ನೀವು? ಯಾರವಳು? ಹೇಳಿ, ಯಾರವಳು?"

ಅಮ್ಮ ನನಗೆ ಅವತ್ತು ಊಟ ಬಡಿಸಲಿಲ್ಲ. ಡಬ್ಬಿಯಲ್ಲಿ ಚಪಾತಿ ಸುರುಳಿ ತುರುಕಿ ಶಾಲೆಗೆ ಅಟ್ಟಿದರು. ನನ್ನಿಂದಲೇ ಮನೆ ಮುರಿಯಿತು, ಓದಬಾರದ್ದನ್ನು ಓದಿಬಿಟ್ಟೆ ಎಂದು ಇಡೀ ಮಧ್ಯಾಹ್ನ ಬೆಂಚಿನ ಮೇಲೆ ಕೂತು ಕೊರಗಿದೆ. ಸಂಜೆ ಬಂದಾಗ ಅಮ್ಮ ಅಡುಗೆಮನೆಯ ನೆಲದ ಮೇಲೆ ಕೂತಿದ್ದರು, ಪಪ್ಪ ಆ ಮುಚ್ಚದ ಬಾಗಿಲಿನ ಹೊಸ್ತಿಲಲ್ಲಿ. ಇಬ್ಬರ ನಡುವೆ ಗಾಡಿಯ ಆರ್‌ಸಿ ಬುಕ್ಕು ಬಿದ್ದಿತ್ತು. ಅದರ ಮೇಲಿನ ಇಂಗ್ಲಿಷ್ ಅಮ್ಮನಿಗೆ ಓದಲು ಬರುತ್ತಿತ್ತು. ಮಾಲೀಕರ ಜಾಗದಲ್ಲಿ ಜಲಜಾ ಎಂದಿತ್ತು, ಅದರ ಕೆಳಗೆ ತಂದೆಯ ಹೆಸರು. ಅದು ಪಪ್ಪನ ತಂದೆಯ ಹೆಸರೇ.

"ಅಕ್ಕ," ಎಂದರು ಪಪ್ಪ. "ನನ್ನ ಸ್ವಂತ ಅಕ್ಕ. ಗಾಡಿ ಅವಳದ್ದೇ. ಓಡಿಸ್ತಾ ಇದ್ದದ್ದೂ ಅವಳೇ, ಆಗ ಠಾಣೆ ಕಡೆ. ಆ ಹೆಸರು ಅವಳೇ ಬರೆದದ್ದು."

"ನೀವು ಒಬ್ಬನೇ ಮಗ ಅಂದಿದ್ರು. ಹಿಂದೆ ಮುಂದೆ ಯಾರೂ ಇಲ್ಲ ಅಂದಿದ್ರು."

"ಹಾಗೆ ಹೇಳಿದ್ದಕ್ಕೇ ನಿಮ್ಮ ಮನೆಯಿಂದ ಹುಡುಗಿ ಕೊಟ್ಟದ್ದು ಶೋಭಾ. ಮೊದಲು ಎರಡು ಕಡೆ ಬೇಡ ಅಂದ್ರು. ಮದುವೆಯಾಗದ ಅಕ್ಕ ಮನೆಯಲ್ಲಿ, ಅದೂ ಗಂಡಸರ ಮಧ್ಯೆ ಟೆಂಪೊ ಹೊಡೆಯುವವಳು ಅಂತ. ನಿಮ್ಮ ಅಪ್ಪನೂ ಮೊದಲು ಕೇಳಿದ್ದು ಅದನ್ನೇ, ನಾದಿನಿಯರು ಎಷ್ಟು ಮಂದಿ ಅಂತ. ಅಕ್ಕನೇ ಹೇಳಿದಳು, ನಾನು ಇಲ್ಲ ಅಂತ ಹೇಳು ಮಾರಾಯ, ಮುಗೀತು ಅಂತ. ಗಾಡಿಯನ್ನೂ ಬಿಟ್ಟುಕೊಟ್ಟು ಹೋದಳು."

"ಎಲ್ಲಿಗೆ?"

"ದಿವಾ."

ದಿವಾ! ಡೊಂಬಿವಲಿಯಿಂದ ಎರಡನೇ ಸ್ಟೇಷನ್. ನಾನು ಅದನ್ನು ದಾಟಿ ನೂರು ಸಲ ಠಾಣೆಗೆ ಹೋಗಿದ್ದೇನೆ, ಕಿಟಕಿಯಿಂದ ಆ ಜನಜಂಗುಳಿ ನೋಡಿ ಮೂಗು ಮುರಿದಿದ್ದೇನೆ. ಅಮೆರಿಕವೋ ಅಂಡಮಾನೋ ಆಗಿದ್ದರೆ ಅಷ್ಟು ಬೆಚ್ಚಿಬೀಳುತ್ತಿರಲಿಲ್ಲವೇನೋ. ನನಗೆ ಒಬ್ಬಳು ಸೋದರತ್ತೆ, ನಮ್ಮ ಕಡೆ ಕರೆಯುವ ಹಾಗೆ ಮಾಮಿ, ಇದ್ದಾಳೆ. ಹತ್ತು ನಿಮಿಷದ ದೂರದಲ್ಲಿ ಇದ್ದಾಳೆ. ತಿಂಗಳಿಗೊಮ್ಮೆ ಪಪ್ಪ ಹೋಗಿ ನೋಡಿ ಬರುತ್ತಾರೆ. ಹನ್ನೆರಡು ವರ್ಷ ನನಗೆ ಇದು ಗೊತ್ತಿಲ್ಲ. ಅಮ್ಮ ಅಳಲಿಲ್ಲ, ಕೂಗಲಿಲ್ಲ. ಇಡ್ಲಿ ಅಟ್ಟಕ್ಕೆ ಚಾಳನ್ನೇ ಎಬ್ಬಿಸಿದ ಹೆಂಗಸು ಬರೀ ಪಿಸುಗುಟ್ಟಿದರು: "ಹಾಗಾದ್ರೆ ಅವರು ಹೋದದ್ದು ನನ್ನಿಂದಲೇ." ಪಪ್ಪ ಅಲ್ಲ ಎನ್ನಲಿಲ್ಲ. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಅಲ್ಲ ಅಂತ ಹೇಳಿ, ಒಂದು ಸುಳ್ಳಾದರೂ ಹೇಳಿ ಎಂದು ಒಳಗೊಳಗೇ ಚೀರಿದೆ. ಅಷ್ಟು ದೊಡ್ಡ ಸುಳ್ಳು ಹೇಳಿದವರಿಗೆ ಇಷ್ಟು ಸಣ್ಣದು ಹೇಳಲಾಗಲಿಲ್ಲ.

ಆಮೇಲೆ ಇನ್ನೊಂದು ಸಂಗತಿ ಹೊರಬಿತ್ತು. ಇಂಜಿನ್ ಬದಲಾದರೆ ಅದರ ಹೊಸ ನಂಬರು ಆರ್‌ಸಿ ಬುಕ್ಕಿನಲ್ಲಿ ಹತ್ತಬೇಕು. ಹತ್ತಬೇಕಾದರೆ ಮಾಲೀಕರೇ ಕಲ್ಯಾಣದ ಆರ್‌ಟಿಒಗೆ ಬಂದು ಸಹಿ ಹಾಕಬೇಕು. ಸಹಿ ಇಲ್ಲದಿದ್ದರೆ ಇಷ್ಟೆಲ್ಲ ತಿಕ್ಕಿ ಮೆತ್ತಿದ ಗಾಡಿ ನೇರ ಕಳಂಬೋಲಿಯ ಗುಜರಿಗೆ. ಪಪ್ಪನಿಗೆ ಇದು ಇಂಜಿನ್ ತಂದ ದಿನವೇ ಗೊತ್ತಿತ್ತು. ಈ ಸಹಿಯನ್ನೂ ಕದ್ದುಮುಚ್ಚಿ ಹಾಕಿಸಿಕೊಳ್ಳಲು ಮನಸ್ಸಾಗಲಿಲ್ಲವಂತೆ, ಅಕ್ಕನನ್ನು ಕೇಳಬೇಕಾದರೆ ಮೊದಲು ಅಕ್ಕ ಇದ್ದಾಳೆ ಎಂದು ಮನೆಯಲ್ಲಿ ಹೇಳಬೇಕು. ಹೇಳುವ ಧೈರ್ಯ ಬರಲಿ ಎಂದೋ ಏನೋ, ಐದು ತಿಂಗಳು ತಗಡು ತಿಕ್ಕುತ್ತ ದಿನ ದೂಡಿದ್ದರು. ಅಮ್ಮ ಎದ್ದು ಸೆರಗು ಸರಿ ಮಾಡಿಕೊಂಡರು.

"ನೀವು ಬರುವುದು ಬೇಡ. ನಾನು ಮತ್ತು ನಿಶಾ ಹೋಗಿ ಬರ್ತೇವೆ."

ಆ ಭಾನುವಾರ ದಿವಾದ ಒಂದು ಕಟ್ಟಡದ ಮೂರನೇ ಮಾಳಿಗೆ ಹತ್ತಿದೆವು. ಲಿಫ್ಟಿರಲಿಲ್ಲ. ಬಾಗಿಲು ತೆರೆದವಳು ಎತ್ತರದ ಹೆಂಗಸು, ನರೆತ ಗಿಡ್ಡ ಕೂದಲು, ಮೊಣಕೈವರೆಗೆ ತೋಳು ಮಡಿಸಿದ ಗಂಡಸರ ಅಂಗಿ, ಕೆಳಗೆ ಸೀರೆ. ಒಂದು ಶಾಲೆಯ ಕ್ಯಾಂಟೀನಿನಲ್ಲಿ ಅಡುಗೆ ಮಾಡುತ್ತಿದ್ದಳಂತೆ. ನಮ್ಮನ್ನು ನೋಡಿ ಗಾಬರಿಯಾದದ್ದು ಅವಳೇ. ಒಳಗೆ ಕರೆಯುವ ಮೊದಲು ಗ್ಯಾಲರಿಯ ಎರಡೂ ಕಡೆ ನೋಡಿದಳು, ಯಾರಾದರೂ ಕಂಡರೋ ಎಂದು. ನಮಗಾಗಿ ಅವಳು ಹೆದರುತ್ತಿದ್ದಳು. ಅದು ನನಗೆ ತಡೆದುಕೊಳ್ಳಲಾಗಲಿಲ್ಲ.

"ನೀನು ನಿಶಾ ಅಲ್ವಾ? ಗಣಿತದಲ್ಲಿ ಈ ಸಲ ಕಡಿಮೆ ಆಯ್ತಂತೆ, ಎಂತ ಕತೆ?" ಎಂದಳು ನನಗೆ. ಅಮ್ಮನ ಕಡೆ ನೋಡಲಿಲ್ಲ.

"ಅತ್ತಿಗೆ," ಎಂದರು ಅಮ್ಮ. ಆ ಪದವನ್ನು ಅವರು ಬಾಳಿನಲ್ಲಿ ಮೊದಲ ಸಲ ಆಡಿದ್ದು. "ನನಗೆ ಗೊತ್ತಿರ್ಲಿಲ್ಲ ಅತ್ತಿಗೆ. ದೇವರಾಣೆ ಗೊತ್ತಿರ್ಲಿಲ್ಲ. ನಿಮ್ಮನ್ನು ನಾನು ನೋಡಿಯೇ ಇರ್ಲಿಲ್ಲ."

"ನೋಡಿದ್ದೀರಿ. ಮದುವೆ ಹಾಲಿಗೆ ಬಾಳೆಎಲೆ ತಂದು ಇಳಿಸಿದ್ದು ನಾನೇ. ನೀವು ಮೇಲೆ ಕಿಟಕಿಯಲ್ಲಿ ನಿಂತಿದ್ರಿ, ಗೆಳತಿಯರ ಜೊತೆ."

ಅಮ್ಮ ಬಾಯಿಗೆ ಸೆರಗು ಒತ್ತಿಕೊಂಡು ಗೋಡೆ ಹಿಡಿದು ಕೂತರು. ವರ್ಷಗಳ ನಂತರ ಅವರೇ ನನಗೆ ಹೇಳಿದರು. ಮದುಮಗಳಾಗಿ ಕಿಟಕಿಯಿಂದ ಇಣುಕಿದಾಗ ಅಂಗಿ ತೊಟ್ಟ ಹೆಂಗಸೊಬ್ಬಳು ಗಾಡಿಯಿಂದ ಎಲೆಯ ಕಟ್ಟು ಇಳಿಸುತ್ತಿದ್ದಳು. ಗೆಳತಿಯರು "ನೋಡೇ, ಮೀಸೆ ಒಂದು ಕಡಿಮೆ" ಎಂದು ನಕ್ಕರು. ಮದುಮಗಳೂ ನಕ್ಕಳು. ತಮ್ಮನ ಮದುವೆಯ ಊಟದ ಎಲೆ ಇಳಿಸಿ, ಆ ನಗು ಕೇಳಿಸಿಕೊಂಡು, ಊಟವನ್ನೂ ಮಾಡದೆ ಮಾಮಿ ವಾಪಸು ಹೋಗಿದ್ದಳು. ದಿವಾದಲ್ಲಿ ಆ ಭಾನುವಾರ ಮಾಮಿಯೇನೂ ಅದನ್ನು ಕುಟುಕಲೆಂದು ಹೇಳಿರಲಿಲ್ಲ. ಅಮ್ಮ ನೋಡಿಲ್ಲ ಎಂದರು, ಅವಳು ನೋಡಿದ್ದೀರಿ ಎಂದಳು, ಅಷ್ಟೇ. ಚಹಾ ಇಟ್ಟಳು. ಸಹಿಯ ಮಾತು ಬಂದಾಗ ನಕ್ಕಳು.

"ಇಲ್ಲದವಳು ಸಹಿ ಹಾಕುವುದು ಹೇಗೆ ಮಾರಾಯ್ತಿ?"

"ಇದ್ದೀರಿ ಅಂತ ಅವರೇ ಹೇಳ್ತಾರೆ," ಎಂದರು ಅಮ್ಮ. "ಎಲ್ಲರ ಎದುರು, ಅವರ ಬಾಯಲ್ಲೇ. ಆಮೇಲೆ ಸಹಿ ಹಾಕಿ. ಅಲ್ಲಿವರೆಗೆ ನೀವು ಪೆನ್ನು ಮುಟ್ಟುವುದು ಬೇಡ."

ಮಾಮಿ ಲೋಟ ತೊಳೆಯುತ್ತ "ನೋಡುವ" ಎಂದಳು.

ಬಣ್ಣ ಮುಗಿದು, ಇಂಜಿನ್ ಕೂರಿಸಿ, ಗಾಡಿ ಎರಡು ವರ್ಷದ ಮೇಲೆ ತನ್ನ ಕಾಲಿನಲ್ಲಿ ಹೊರಗೆ ಬಂದಾಗ ಚಾಳಿನವರು ಕಾಯಿ ಒಡೆದರು. ನಾವು ಮೂವರೂ ಮುಂದೆ ಕೂತು ಕಲ್ಯಾಣಕ್ಕೆ ಹೊರಟೆವು. ದಾರಿಯುದ್ದಕ್ಕೂ ಅಮ್ಮ ಒಂದೇ ಮಾತು: "ಯಾರು ಕೇಳಿದ್ರೂ ನೀವೇ ಹೇಳ್ಬೇಕು. ನಾನು ಹೇಳುವುದಲ್ಲ." ಪಪ್ಪ ಹೂಂ ಎನ್ನುತ್ತಿದ್ದರು. ಅವರ ಅಂಗಿ ಬೆನ್ನಿಗೆ ಅಂಟಿತ್ತು. ಮಾಮಿ ರೈಲಿನಲ್ಲಿ ಬಂದು ಗೇಟಿನ ಹತ್ತಿರ ಕಾದಿದ್ದಳು. ಗಾಡಿ ನಿಲ್ಲಿಸುತ್ತಲೇ ನಮ್ಮನ್ನು ಬಿಟ್ಟು ಬಾನೆಟ್ಟಿನ ಹತ್ತಿರ ಹೋಗಿ ಕಿವಿಗೊಟ್ಟು, "ಸ್ವಲ್ಪ ಕಟಕಟ ಅಂತದೆ, ಟ್ಯಾಪೆಟ್ ಬಿಗಿ ಮಾಡ್ಬೇಕು" ಎಂದಳು. ಪಪ್ಪ ಬೈಸಿಕೊಂಡ ಹುಡುಗನ ಹಾಗೆ ತಲೆಯಾಡಿಸಿದರು. ಇಂಜಿನ್ ನಂಬರಿನ ಜೊತೆಗೇ ಗಾಡಿಯನ್ನು ತಮ್ಮನ ಹೆಸರಿಗೆ ಮಾಡಿಕೊಡುತ್ತೇನೆ ಎಂದು ಅವಳೇ ಹೇಳಿದ್ದಳು. ಅದಕ್ಕೆ ಸ್ಟಾಂಪ್ ಪೇಪರಿನ ಮೇಲೆ ಒಂದು ಹೇಳಿಕೆ ಬೇಕು. ಆಫೀಸಿನ ಹೊರಗೆ ಛತ್ರಿಯ ಕೆಳಗೆ ಟೈಪ್‌ರೈಟರ್ ಇಟ್ಟುಕೊಂಡ ಮುದುಕನ ಮುಂದೆ ನಾವು ನಾಲ್ವರೂ ನಿಂತೆವು. ಹಿಂದೆ ಇಪ್ಪತ್ತು ಜನರ ಸಾಲು. ಮುದುಕ ಕೊಡುವವರ ಹೆಸರು ಹೊಡೆದ, ಪಡೆಯುವವರ ಹೆಸರು ಹೊಡೆದ. ಕನ್ನಡಕದ ಮೇಲಿಂದ ನೋಡಿ ಸಂಬಂಧ ಏನು ಎಂದು ಕೇಳಿದ.

"ನಾತಂ ಕಾಯ್?"

ಅಮ್ಮ ಪಪ್ಪನ ಕಡೆ ತಿರುಗಿದರು. ಪಪ್ಪ ಬಾಯಿ ತೆರೆದರು. ಒಮ್ಮೆ ಕೆಮ್ಮಿದರು. ಆ ಕೆಮ್ಮಿನಷ್ಟೇ ಹೊತ್ತು, ಅದಕ್ಕಿಂತ ಹೆಚ್ಚಿಲ್ಲ.

"ಕಾಹೀ ನಾಹೀ," ಎಂದಳು ಮಾಮಿ. ಏನೂ ಇಲ್ಲ.

ಟಕಟಕ ಹೊಡೆದೇಬಿಟ್ಟ ಮುದುಕ. ಮಾಮಿ ಪೆನ್ನು ತೆಗೆದುಕೊಂಡು ಸಹಿಯನ್ನೂ ಹಾಕಿಬಿಟ್ಟಳು. ಸಿಟ್ಟಿಗೆ ಹೇಳಿದಳೇನೋ ಎಂದು ನಾನು ಅವಳ ಮುಖ ನೋಡಿದೆ. ಸಿಟ್ಟು ಎಲ್ಲಿತ್ತು? ಕೆಲಸ ಸಲೀಸಾಗಿ ಮುಗಿಸಿಕೊಟ್ಟವರ ಮುಖ ಅದು. ನಮ್ಮ ಮುಖ ಕಂಡ ಮೇಲೆ ಅವಳಿಗೇ ತಿಳಿದು ನಾಲಿಗೆ ಕಚ್ಚಿಕೊಂಡಳು.

"ಅಯ್ಯೋ, ಬಾಯಿಗೆ ಬಂದುಬಿಟ್ಟಿತು ಮಾರಾಯ. ಇಷ್ಟು ವರ್ಷ ಯಾರು ಕೇಳಿದ್ರೂ ಇದೇ ಹೇಳಿದ್ದಲ್ವಾ, ಅಭ್ಯಾಸ. ನೀನು ಬೇಸರ ಮಾಡ್ಬೇಡ."

ಪಪ್ಪ ಆ ಕಾಗದವನ್ನು ಕಿತ್ತುಕೊಂಡು ಓಡಿದರು. ಹೊಸ ಸ್ಟಾಂಪ್ ಪೇಪರ್ ಕೊಡುವ ಕಿಟಕಿಗೆ ಊಟದ ಹೊತ್ತೆಂದು ಆಗಷ್ಟೇ ಹಲಗೆ ಎಳೆದಿದ್ದರು. ಅವರು ಆ ಹಲಗೆಯನ್ನು ಎರಡೂ ಕೈಯಲ್ಲಿ ಗುದ್ದಿದರು. "ನನ್ನ ಅಕ್ಕ!" ಎಂದು ಕೂಗಿದರು, ತುಳುವಿನಲ್ಲಿ. ಒಳಗಿನವರಿಗೆ ತಿಳಿಯುವುದಿಲ್ಲ ಎಂದು ಹೊಳೆದು ಮರಾಠಿಯಲ್ಲಿ ಕೂಗಿದರು, ಹಿಂದಿಯಲ್ಲಿ ಕೂಗಿದರು. ಇಡೀ ಸಾಲು ತಿರುಗಿ ನೋಡಿತು. ಡ್ರೈವರುಗಳು, ಏಜೆಂಟರು, ಚಹಾದವನು, ಎಲ್ಲರೂ ನಿಂತು ನೋಡಿದರು. ಅಮ್ಮ ನಿಂತಲ್ಲೇ ಅಳುತ್ತಿದ್ದರು. ಮಾಮಿ ನನ್ನ ಭುಜ ಹಿಡಿದುಕೊಂಡಳು.

"ಹೋಗು ನಿಶಾ, ಸುಮ್ಮನಿರ್ಲಿಕ್ಕೆ ಹೇಳು ಅವನಿಗೆ. ಜನ ಎಲ್ಲ ನೋಡ್ತಾ ಇದ್ದಾರೆ."

ನಾನು ಹೋಗಲಿಲ್ಲ.